ಬ್ರೆಡ್ಡಿನ ಉಚ್ಚಂಗಪ್ಪನ ಸೈಕಲ್ ದೀಪ

ಸೊರಬದ ಪೇಟೆಯಲ್ಲಿ ಗುರುಮಲ್ಲಪ್ಪನವರ ಸಣ್ಣ ಬೇಕರಿಯೊಂದಿತ್ತು. ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಬ್ರೆಡ್ಡು ಒಯ್ಯುವುದು ಉಚ್ಚಂಗಪ್ಪನ ಕೆಲಸ. ಐವತ್ತೆಂಟನೇ ಇಸವಿಯ ಸುಮಾರಿನಲ್ಲಿ ಆ ಕಡೆ ಯಾರೂ ಹಸಿವೆಗೆಂದು ಬ್ರೆಡ್ಡು ತಿನ್ನುತ್ತಿರಲಿಲ್ಲ. ಜ್ವರ ಬಿಟ್ಟವರಿಗೆ, ಹೊಟ್ಟೆ ಕೆಟ್ಟವರಿಗೆ, ಅನ್ನ ಸೇರದ ಮುದುಕರಿಗೆ ಹಾಲಿನಲ್ಲಿ ಅದ್ದಿ ಕೊಡುವ ಪದಾರ್ಥ ಅದು. ಹಾಗಾಗಿ ಉಚ್ಚಂಗಪ್ಪನ ಸೈಕಲ್ಲು ಒಂದು ಮನೆಯ ಮುಂದೆ ನಿಂತರೆ ಸಾಕು, ಯಾರಿಗೆ ಏನಾಗಿದೆ ಎಂದು ಅಕ್ಕಪಕ್ಕದ ಹೆಂಗಸರು ವಿಚಾರಿಸಲು ಬರುತ್ತಿದ್ದರು. ಒಮ್ಮೆ ಜಡೆ ಎಂಬ ಊರಿನಲ್ಲಿ ಬಿಸಿಲು ತಾಳಲಾರದೆ ಯಾರದೋ ಮಾಡಿನ ನೆರಳಿಗೆ ನಿಂತಾಗ ಆ ಮನೆಯ ಯಜಮಾನ ಹೊರಗೆ ಬಂದು, ನಮ್ಮಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಮುಂದೆ ಹೋಗಪ್ಪ ಎಂದು ಕಳಿಸಿದ್ದ.

ಉಚ್ಚಂಗಪ್ಪ ಹುಟ್ಟಿದ್ದು ಶಿಕಾರಿಪುರ ತಾಲೂಕಿನ ಉಡುತಡಿಯಲ್ಲಿ. ಅಣ್ಣತಮ್ಮಂದಿರು ಬೇರೆಯಾದಾಗ ಪಾಲಿಗೆ ಬಂದ ತುಂಡು ಹೊಲವನ್ನು ತಮ್ಮನಿಗೇ ಬಿಟ್ಟು ಹೆಂಡತಿ ಹಾಲಮ್ಮನನ್ನು ಕರೆದುಕೊಂಡು ಸೊರಬಕ್ಕೆ ಬಂದಿದ್ದ. ಈಗ ಅವನ ವಯಸ್ಸು ಐವತ್ತು ದಾಟಿತ್ತು. ಬೆಳಗಿನ ಜಾವ ಭಟ್ಟಿಯ ಮುಂದೆ ಕೂತು ಬಿಸಿ ಬ್ರೆಡ್ಡಿಗೆ ಕಾಗದ ಸುತ್ತಬೇಕು, ಬೆಳಕು ಹರಿಯುವಾಗ ಸೈಕಲ್ ಹತ್ತಬೇಕು, ಜಡೆಯವರೆಗೆ ಊರೂರು ನಿಲ್ಲಿಸುತ್ತ ಹೋಗಿ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಊಟಕ್ಕೆ ಕೂತರೆ ಎರಡನೇ ತುತ್ತಿಗೇ ಅವನಿಗೆ ತೂಕಡಿಕೆ. ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ನಿದ್ದೆ ಹೋದವನನ್ನು ಹಾಲಮ್ಮ ಎಷ್ಟೋ ಸಲ ಎಬ್ಬಿಸಿ ಕೈ ತೊಳೆಸಿದ್ದಳು.

ಪುಷ್ಯದ ದಿನಗಳು, ಬೇಗ ಕತ್ತಲಾಗುತ್ತಿತ್ತು. ಒಂದು ಸಂಜೆ ಜಡೆಯಿಂದ ಬರುವಾಗ ಮುಂದೆ ಬಿದಿರಿನ ಗಳ ತುಂಬಿದ ಗಾಡಿ ಹೋಗುತ್ತಿದ್ದುದು ಅವನಿಗೆ ಕಾಣಲಿಲ್ಲ. ಗಾಡಿಗೂ ದೀಪವಿರಲಿಲ್ಲ, ಸೈಕಲ್ಲಿಗೂ ಇರಲಿಲ್ಲ. ಹಿಂದಕ್ಕೆ ಚಾಚಿದ್ದ ಗಳವೊಂದು ಭುಜಕ್ಕೆ ಬಡಿದು ಉಚ್ಚಂಗಪ್ಪ ಚರಂಡಿಗೆ ಬಿದ್ದ. ಗಾಡಿಯವನೇ ಎತ್ತಿ ಕೂರಿಸಿ, ಸೈಕಲ್ಲನ್ನು ಬಿದಿರಿನ ಮೇಲೆ ಹೇರಿಕೊಂಡು ಸೊರಬದವರೆಗೆ ಬಿಟ್ಟುಹೋದ. ಹಾಲಮ್ಮ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಡುತ್ತ ಏನೂ ಬೈಯಲಿಲ್ಲ. ಬದಲಿಗೆ ಶಿಕಾರಿಪುರದಲ್ಲಿದ್ದ ತನ್ನ ತಮ್ಮ ಗಂಗಾಧರಪ್ಪನಿಗೆ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದಳು. ಅವನು ತನ್ನ ಹಳೆಯ ಸೈಕಲ್ಲು ಮಾರುವಾಗ ದೀಪವನ್ನೂ, ಚಕ್ರ ತಿರುಗಿದಂತೆ ಅದಕ್ಕೆ ಕರೆಂಟು ಕೊಡುವ ಡೈನಮೋವನ್ನೂ ಬಿಚ್ಚಿ ಇಟ್ಟುಕೊಂಡಿದ್ದ. ವಾರದೊಳಗೆ ಅದೇ ಬಸ್ಸಿನಲ್ಲಿ ಬಟ್ಟೆಯ ಗಂಟೊಂದು ಬಂತು.

ಸೈಕಲ್ ಷಾಪಿನ ಯಲ್ಲಪ್ಪ ಗಂಟು ಬಿಚ್ಚಿ ನೋಡಿ, ಸಾಮಾನೇನೋ ಗಟ್ಟಿಯಾಗಿದೆ, ಕೂರಿಸುವುದೆಲ್ಲಿ ಎಂದು ಕೇಳಿದ. ದೀಪ ಕೂರಬೇಕಾದ್ದು ಹ್ಯಾಂಡಲ್ಲಿನ ಕೆಳಗೆ, ಮುಂದುಗಡೆ. ಅಲ್ಲಿ ಬ್ರೆಡ್ಡಿನ ಬುಟ್ಟಿ ಇತ್ತು. ಯಲ್ಲಪ್ಪ ಮೊದಲಿಗೆ ಬುಟ್ಟಿಯ ಹಿಂದಿನ ಇಕ್ಕಟ್ಟಿನಲ್ಲೇ ದೀಪ ಸಿಕ್ಕಿಸಿ, ಡೈನಮೋಗೆ ಎರಡು ತಂತಿ ಕೊಟ್ಟು, ಅದನ್ನು ಕೈಯಲ್ಲೇ ಟೈರಿಗೆ ಒತ್ತಿ ಹಿಡಿದು ಚಕ್ರ ತಿರುಗಿಸಿ ನೋಡಿದ. ಬೆಳಕೆಲ್ಲ ಬುಟ್ಟಿಯ ಹೆಣಿಗೆಯಲ್ಲಿ ಸಿಕ್ಕಿಕೊಂಡಿತು, ದಾರಿಗೆ ಒಂದಿಷ್ಟೂ ಬೀಳಲಿಲ್ಲ.

"ಬುಟ್ಟಿ ತೆಗೆದು ಹಿಂದೆ ಕಟ್ಕಳ್ಳಿ" ಎಂದ.

"ಹಿಂದ ಬಿಸ್ಕತ್ತಿನ ಡಬ್ಬ ಐತಲ್ಲಪ್ಪ. ಬ್ರೆಡ್ಡು ಹಿಂದಿಟ್ರ ಕುಲುಕಿ ಅಪ್ಪಚ್ಚಿ ಆಗ್ತತಿ. ರೋಗಿಷ್ಟರಿಗೆ ಕೊಡೋದು, ಮುದ್ದೆ ಆದದ್ದು ಯಾರು ತಗೋತಾರ?"

ಯಲ್ಲಪ್ಪ ಬುಟ್ಟಿಯ ತಳಕ್ಕೇ ದೀಪವನ್ನು ತಂತಿಯಿಂದ ಕಟ್ಟಿ ನೋಡಿದ. ಬುಟ್ಟಿ ಕುಲುಕಿದಂತೆಲ್ಲ ಬೆಳಕೂ ಕುಣಿಯಿತು. ಅದನ್ನು ಬಿಚ್ಚಿದ. ಮೂಲೆಯಲ್ಲಿದ್ದ ಹಳೆಯ ಕಬ್ಬಿಣದ ಪಟ್ಟಿಯೊಂದನ್ನು ಸುತ್ತಿಗೆಯಿಂದ ಬಗ್ಗಿಸಿ, ತೂತು ಕೊರೆದು, ಮುಂದಿನ ಚಕ್ರದ ಬಲಗಡೆಯ ನಟ್ಟಿಗೆ ಸೇರಿಸಿ ಬಿಗಿದ. ದೀಪ ಈಗ ಬುಟ್ಟಿಯ ಕೆಳಗೆ, ಚಕ್ರದ ಪಕ್ಕಕ್ಕೆ ಬಂತು. ಎಡಗಡೆಗೆ ಡೈನಮೋ ಕೂರಿಸಿ ಒಂದೇ ತಂತಿ ಎಳೆದು, ಡೈನಮೋದ ತಲೆ ಟೈರಿನ ಕೆನ್ನೆಗೆ ಒತ್ತುವಂತೆ ಸರಿಮಾಡಿದ. ಚಕ್ರ ತಿರುಗಿಸಿದರೆ ದೀಪ ಹತ್ತಲಿಲ್ಲ. ತಂತಿ ಬಿಚ್ಚಿ ಕಟ್ಟಿದ, ಬಲ್ಬು ತೆಗೆದು ಒರೆಸಿ ಹಾಕಿದ, ಆಗಲೂ ಇಲ್ಲ. ಕೊನೆಗೆ ಡೈನಮೋ ಹಿಡಿದಿದ್ದ ಕಡೆ ಬಣ್ಣ ದಪ್ಪಗಿದ್ದುದನ್ನು ನೋಡಿ, ಕಬ್ಬಿಣ ಕಬ್ಬಿಣಕ್ಕೆ ತಾಗಿದರೇ ಕರೆಂಟು ಹರಿಯುವುದು ಎಂದು ಚಾಕುವಿನಿಂದ ಕೆರೆದ. ದೀಪ ಹತ್ತಿತು. ಅಷ್ಟರಲ್ಲಿ ಉಚ್ಚಂಗಪ್ಪ ಟೈರುಗಳ ರಾಶಿಗೆ ಒರಗಿ ನಿದ್ದೆ ಹೋಗಿದ್ದ. ಯಲ್ಲಪ್ಪ ಮೆಲ್ಲಗೆ ಭುಜ ಮುಟ್ಟಿ ಎಬ್ಬಿಸಿದ.

ದೀಪ ಬಂದ ಮೇಲೆ ಸಂಜೆಯ ದಾರಿಯ ಹೆದರಿಕೆ ಕಡಿಮೆಯಾಯಿತು, ನಿಜ. ಆದರೆ ಅದು ತಾನಾಗಿ ಉರಿಯುವ ದೀಪವಲ್ಲ. ಡೈನಮೋ ಟೈರಿಗೆ ತಾಗಿದೊಡನೆ ಹಿಂದಿನಿಂದ ಯಾರೋ ಸೈಕಲ್ಲನ್ನು ಹಿಡಿದೆಳೆದ ಹಾಗಾಗುತ್ತಿತ್ತು. ಜೋರಾಗಿ ತುಳಿದರೆ ಬೆಳಕು, ಏರಿನಲ್ಲಿ ಕಾಲು ಸೋತರೆ ಬೆಳಕೂ ಸೋತು ಕೆಂಪಗಾಗುತ್ತಿತ್ತು. ದೀಪ ತೀರ ಕೆಳಗಿದ್ದುದರಿಂದ ಸಣ್ಣ ಕಲ್ಲಿನ ನೆರಳೂ ಹೊಂಡದ ಹಾಗೆ ಕಾಣುತ್ತಿತ್ತು.

ಗುರುಮಲ್ಲಪ್ಪ ಕೆಟ್ಟವರಲ್ಲ. ಆದರೆ ವ್ಯಾಪಾರಸ್ಥರು. ದೀಪ ನೋಡಿದ ಮರುದಿನವೇ, ಹೇಗೂ ಕತ್ತಲೆಯ ಯೋಚನೆ ಇಲ್ಲವಲ್ಲ, ಜಡೆಯಿಂದ ಬಂದ ಮೇಲೆ ಹೊಸಬಾಳೆ ಕಡೆಗೂ ಒಂದು ಸುತ್ತು ಹೋಗಿ ಬಂದರಾಯಿತು ಎಂದರು. ಉಚ್ಚಂಗಪ್ಪ ತಲೆಯಾಡಿಸಿದ. ಇಲ್ಲ ಎನ್ನಲು ಬೇಕಾದಷ್ಟು ಮಾತು ಕೂಡಿಸುವ ತ್ರಾಣವೂ ಅವನಲ್ಲಿರಲಿಲ್ಲ. ಸುದ್ದಿ ಕೇಳಿದ ಹಾಲಮ್ಮ, ದೀಪ ತರಿಸಿದ್ದು ತನ್ನದೇ ತಪ್ಪಾಯಿತೆಂದು ಹಲುಬಿದಳು.

ಹೊಸಬಾಳೆಯಲ್ಲಿ ದಿನವೂ ತಪ್ಪದೆ ಬ್ರೆಡ್ಡು ತೆಗೆದುಕೊಳ್ಳುತ್ತಿದ್ದುದು ಪರಮಶಿವಪ್ಪನ ಮನೆ. ಒಂದು ಕಾಲಕ್ಕೆ ಒಳ್ಳೆ ಬೇಸಾಯಗಾರನಾಗಿದ್ದ ಪರಮಶಿವಪ್ಪ ಹೊಟ್ಟೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಅವನ ಹೆಂಡತಿ ಬಸವಣ್ಣೆಮ್ಮ ಹಾಲಿನಲ್ಲಿ ಅದ್ದಿ ಕೊಡುತ್ತಿದ್ದ ಬ್ರೆಡ್ಡೊಂದೇ ಅವನಿಗೆ ದಕ್ಕುತ್ತಿದ್ದುದು. ಹಾಸಿಗೆಯನ್ನು ಕಿಟಕಿಯ ಹತ್ತಿರ ಹಾಕಿದ್ದರು. ಗದ್ದೆಬಯಲಿನ ಆಚೆ ನೆಲಮಟ್ಟದಲ್ಲಿ ಬೆಳಕೊಂದು ಕಂಡೊಡನೆ, ಬಂದರು ನೋಡು, ಹಾಲು ಕಾಯಿಸು ಎಂದು ಅವನು ಹೆಂಡತಿಗೆ ಹೇಳುತ್ತಿದ್ದನಂತೆ. ಉಚ್ಚಂಗಪ್ಪ ಬ್ರೆಡ್ಡು ಕೊಟ್ಟು ಅವನ ಪಕ್ಕ ಸ್ವಲ್ಪ ಹೊತ್ತು ಕೂರುತ್ತಿದ್ದ. ಉಡುತಡಿ ಕಡೆಯ ಎತ್ತುಗಳ ವಿಷಯ, ಜೋಳದ ವಿಷಯ ಒಂದೆರಡು ಮಾತಾಗುತ್ತಿತ್ತು. ಆಮೇಲೆ ಒಬ್ಬ ಮಲಗಿ, ಒಬ್ಬ ಕೂತು, ಇಬ್ಬರೂ ಕಣ್ಣು ಮುಚ್ಚುತ್ತಿದ್ದರು.

ಚಳಿ ಕಡಿಮೆಯಾಗುತ್ತ ಬಂದ ಒಂದು ಸಂಜೆ ಅವನು ಹೋದಾಗ ಆ ಮನೆಯ ಅಂಗಳದಲ್ಲಿ ಜನ ಸುಮ್ಮನೆ ಕೂತಿದ್ದರು. ಪಕ್ಕದ ಮನೆಯ ರಾಮಪ್ಪ ಎದ್ದು ಬಂದು, ಪರಮಶಿವಪ್ಪ ಬೆಳಿಗ್ಗೆ ತೀರಿಕೊಂಡನೆಂದೂ ಮಧ್ಯಾಹ್ನವೇ ಮಣ್ಣು ಮಾಡಿ ಬಂದರೆಂದೂ ತಿಳಿಸಿದ. ಸಾವಿನ ಮನೆಯ ಮುಂದೆ ಬ್ರೆಡ್ಡಿನ ಬುಟ್ಟಿ ಹಿಡಿದು ನಿಲ್ಲುವುದಕ್ಕೆ ನಾಚಿಕೆಯಾಗಿ ಉಚ್ಚಂಗಪ್ಪ ಸೈಕಲ್ಲು ತಿರುಗಿಸಿದ. ಅಷ್ಟರಲ್ಲಿ ಬಸವಣ್ಣೆಮ್ಮ ಬಾಗಿಲಿಗೆ ಬಂದು ಒಳಗೆ ಕರೆದಳು.

ಆ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನೆರೆಯವರು ಅನ್ನ ಸಾರು ತಂದಿಟ್ಟಿದ್ದರು, ಆಕೆ ಅದನ್ನು ಮುಟ್ಟಿರಲಿಲ್ಲ. ಅವಳು ಬ್ರೆಡ್ಡು ಇಸಿದುಕೊಂಡು, ಎರಡು ಲೋಟಕ್ಕೆ ಹಾಲು ಹಾಕಿ, ಒಂದನ್ನು ಅವನ ಮುಂದಿಟ್ಟಳು. ಅವನು ಬೇಡವೆಂದ.

"ತಿನ್ನಿ ಅಣ್ಣ. ಅವರು ದಿನಾ ಹೇಳೋರು, ಆ ಉಚ್ಚಂಗಪ್ಪ ನನಗಿಂತ ಸೋತಿದಾನೆ, ಅವನಿಗೂ ಒಂದು ಲೋಟ ಹಾಲು ಕೊಡು ಅಂತ. ನಾನೇ ನಾಳೆ ಕೊಟ್ರಾಯ್ತು, ನಾಳೆ ಕೊಟ್ರಾಯ್ತು ಅಂತಿದ್ದೆ."

ಇಷ್ಟು ವರ್ಷ ಹೊತ್ತು ತಿರುಗಿದ್ದ ಬ್ರೆಡ್ಡನ್ನು ಅವನು ಒಂದು ದಿನವೂ ಕೂತು ತಿಂದಿರಲಿಲ್ಲ. ಅದು ಕಾಯಿಲೆಯವರದು ಎಂಬ ಭಾವನೆ ಅವನಲ್ಲೂ ಇತ್ತು. ಇಬ್ಬರೂ ಹಾಲಿನಲ್ಲಿ ಅದ್ದಿಕೊಂಡು ತಿಂದರು. ಹಾಲು ಕುಡಿದು ಮುಗಿಸುವಾಗ ಅವನ ಕಣ್ಣಲ್ಲಿ ನೀರು ಬಂತು. ಅದು ಸತ್ತವನಿಗಾಗಿಯೋ ತನಗಾಗಿಯೋ ಅವನಿಗೇ ಗೊತ್ತಾಗಲಿಲ್ಲ. ಬಸವಣ್ಣೆಮ್ಮ ನೋಡಿಯೂ ನೋಡದವಳಂತೆ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಜಡೆಯಿಂದ ಬಂದವನು ಬುಟ್ಟಿಯನ್ನು ಬೇಕರಿಯ ಹಲಗೆಯ ಮೇಲಿಟ್ಟು ಗುರುಮಲ್ಲಪ್ಪನವರ ಎದುರು ನಿಂತ.

"ಸಾಹುಕಾರ್ರ, ಸಂಜೀ ಸುತ್ತು ನನ್ನಿಂದ ಆಗಂಗಿಲ್ರಿ. ಮೈಯಾಗ ಶಕ್ತಿ ಇಲ್ಲ."

ಗುರುಮಲ್ಲಪ್ಪ ಹೊಸಬಾಳೆಯ ಗಿರಾಕಿಗಳನ್ನು ಬಿಟ್ಟರೆ ಕಷ್ಟವೆಂದರು, ಬೇರೆ ಯಾರನ್ನು ಹುಡುಕುವುದೆಂದು ಗೊಣಗಿದರು. ಉಚ್ಚಂಗಪ್ಪ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಅವರು, ಆಯಿತು, ಮನೆಗೆ ಹೋಗಿ ಮಲಗು ಎಂದರು.

ಇನ್ನೂ ಬೆಳಕಿರುವಾಗಲೇ ಬಂದ ಗಂಡನನ್ನು ಕಂಡು ಹಾಲಮ್ಮ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲವೆಂದು ಅವನು ಹೇಳಿದ. ಏನಾಯಿತೆಂದು ಕೇಳಿದ್ದಕ್ಕೆ ಆಮೇಲೆ ಹೇಳುತ್ತೇನೆಂದು ಜಗುಲಿಯ ಮೇಲೆ ಟವೆಲ್ ಹಾಸಿಕೊಂಡು ಮಲಗಿದ. ಹಾಲಮ್ಮ ಅಡುಗೆ ಮುಗಿಸಿ ಬಂದು ನೋಡಿದಳು, ಎಬ್ಬಿಸಲು ಮನಸ್ಸು ಬರಲಿಲ್ಲ. ಒಳಗಿನಿಂದ ಕಂಬಳಿ ತಂದು ಹೊದಿಸಿ ತಾನೂ ಪಕ್ಕದಲ್ಲಿ ಕೂತಳು.