ಕಣ್ಣು ತೆರೆಯದ ಹನುಮ

ನಮ್ಮ ಮನೆಯಲ್ಲಿ ತೊಗಲಿನ ದೀಪ ಹುಟ್ಟಿದ್ದು ನನ್ನ ಮಗಳ ಅಳುವಿನಿಂದ. ಬಾಣಂತಿ ಕೋಣೆಯ ಬೋಳು ಬಲ್ಬು ಕೂಸಿನ ಕಣ್ಣಿಗೆ ಚುಚ್ಚುತ್ತಿತ್ತು. ನನ್ನ ಓರಗಿತ್ತಿ ತುಳಜಕ್ಕ, ಗೊಂಬೆಗೆಂದು ಹದ ಮಾಡಿಟ್ಟಿದ್ದ ಆಡಿನ ತೊಗಲಿನಲ್ಲಿ ನಾಲ್ಕು ಗಿಣಿ ಕೊರೆದು, ಬಣ್ಣ ಹಚ್ಚಿ, ತಂತಿಯ ಬಳೆಗೆ ಹೊಲಿದು ಬಲ್ಬಿಗೆ ತೊಡಿಸಿದಳು. ಗೋಡೆ ತುಂಬ ಗಿಣಿ! ಕೂಸು ಬಾಯಿ ಮುಚ್ಚಿತು. ಆ ಪುಣ್ಯಾತಗಿತ್ತಿಯ ಹೊಟ್ಟೆ ತಣ್ಣಗಿರಲಿ.

ತುಳಜಕ್ಕ ಹುಟ್ಟಿದ್ದೇ ಗೊಂಬೆಯಾಟದ ಪರದೆಯ ಹಿಂದೆ. ಏಳು ವರ್ಷಕ್ಕೆ ಸೀತೆಯ ಅಳು ಅಳುತ್ತಿದ್ದಳಂತೆ. ಧರ್ಮಾವರದ ಸುತ್ತಲ ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರಂತೆ. ಆಮೇಲೆ ಮನೆಮನೆಗೂ ಟಿ.ವಿ. ಬಂತು, ನಮ್ಮ ಗೊಂಬೆ ಮೇಳವನ್ನು ಕರೆಯುವವರೇ ಇಲ್ಲವಾದರು. ಗಂಡಸರು ರೇಷ್ಮೆ ಮಗ್ಗಕ್ಕೆ ಹೋದರು. ಇವಳು ದೇವರುಗಳನ್ನು ಕೊರೆದ ಮೇಜಿನ ದೀಪ ಮಾಡಿ ಹೈದರಾಬಾದಿನ ಅಂಗಡಿಗೆ ಕಳಿಸಿದಳು. ನಮ್ಮ ಒಲೆ ಉರಿದದ್ದು ಅದರಿಂದಲೇ.

ನಮ್ಮ ಮಾವ ಮಾನೋಜಿರಾಯರು ಮಾತ್ರ ದೀಪದ ಹತ್ತಿರ ಸುಳಿಯುತ್ತಿರಲಿಲ್ಲ. ನಮ್ಮವರಲ್ಲಿ ಗೊಂಬೆಯ ಕಣ್ಣು ಕೊರೆಯುವುದು ಕಟ್ಟಕಡೆಗೆ, ಅದೂ ಮೇಳದ ಹಿರಿಯರು ತೆಂಗಿನಕಾಯಿ ಒಡೆದು ಉಳಿ ಹಿಡಿದಾಗ. ಅಲ್ಲಿಯ ತನಕ ಅದು ಬರೀ ತೊಗಲು.

"ಕೊಂಡೋರು ದೇವರನ್ನ ಹಾಸಿಗೆ ಪಕ್ಕ ಇಟ್ಕೋತಾರಂತೆ! ನಾನಂತೂ ಅದಕ್ಕೆ ಕಣ್ಣು ತೆರೆಯಲ್ಲ," ಎಂದರು ಮಾವ.

ಹಾಗಾಗಿ ಅವಳ ದೀಪಗಳೆಲ್ಲ ಕಣ್ಣಿನ ಜಾಗಕ್ಕೆ ಕಪ್ಪು ಬಳಿದುಕೊಂಡೇ ಹೋದವು. ಕೊಂಡವರಿಗೆ ಗೊತ್ತೇ ಆಗಲಿಲ್ಲ. ಇವಳಿಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

"ಕುರುಡು ದೇವರನ್ನ ಊರೂರಿಗೆ ಕಳಿಸ್ತಿದ್ದೀನಿ ಕಣೇ ಯಮುನಿ. ಮಾವ ಒಂದೇ ಒಂದ್ಸಲ ಉಳಿ ಹಿಡಿದ್ರೆ ಸಾಕು."

ನಾನಾಗಿದ್ದರೆ ಮೊಳೆ ತಗೊಂಡು ಚುಚ್ಚಿ ಬಿಸಾಡುತ್ತಿದ್ದೆ. ಅವಳು ಅಂಥವಳಲ್ಲ.

ಅಷ್ಟರಲ್ಲಿ ಮಾವನ ಕಣ್ಣಿಗೇ ಪೊರೆ ಬಂತು. ಬಾಗಿಲಿಗೆ ಹಣೆ ಬಡಿದುಕೊಂಡು, "ಇದನ್ನ ಯಾರು ಇಲ್ಲಿ ತಂದಿಟ್ಟೋರು?" ಎಂದು ಬಾಗಿಲಿಗೇ ಬೈಯುತ್ತಿದ್ದರು. ತುಳಜಕ್ಕ ಅವರನ್ನು ಅನಂತಪುರದ ಆಸ್ಪತ್ರೆಗೆ ಹೊರಡಿಸಿದಳು.

"ದೀಪ ಮಾರಿದ ದುಡ್ಡಲ್ಲಿ ನಾನು ಏನೂ ನೋಡಲ್ಲ!"

"ನೋಡಬೇಡಿ ಮಾವ. ಪೊರೆ ತೆಗಿಸ್ಕೊಂಡು ಬಂದು ಕಣ್ಣು ಮುಚ್ಕೊಂಡೇ ಕೂತ್ಕೊಳ್ಳಿ," ಎಂದಳು ಅವಳು. ಮುದುಕ ನಗು ತಡೆಯಲಾರದೆ ಬಸ್ಸು ಹತ್ತಿದರು.

ಕಣ್ಣಿನ ಪಟ್ಟಿ ಬಿಚ್ಚಿಸಿ ಮಾವ ಮನೆಗೆ ಬಂದ ಸಂಜೆ, ಬೆಟ್ಟ ಹೊತ್ತ ಹನುಮನ ದೀಪವನ್ನು ತುಳಜಕ್ಕ ಹಚ್ಚಿ ನೋಡುತ್ತಿದ್ದಳು. ಗೋಡೆಯ ಮೇಲೆ ಆಳೆತ್ತರದ ಹನುಮ. ಮಾವ ಹೊಸಿಲಲ್ಲೇ ನಿಂತರು. ಅವಳ ಕೆಲಸವನ್ನು ಅವರು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಈ ಬಾಲದ ಕೊರೆತ ನಮ್ಮಪ್ಪಂದು. ಎಲ್ಲಿ ಕಲಿತೆ?"

"ನೀವು ಕೊರೀತಿದ್ದಾಗ ನೋಡಿ, ಮಾವ."

ಬಾಲದಿಂದ ಕಿರೀಟಕ್ಕೆ, ಕಿರೀಟದಿಂದ ಮುಖಕ್ಕೆ ನೋಡುತ್ತಾ ಬಂದರು. ದನಿಯೇ ಬದಲಾಯಿತು.

"ಅಯ್ಯೋ, ಕಣ್ಣೆಲ್ಲಮ್ಮಾ?"

"ನೀವು ತೆರೀಬೇಕಲ್ಲ ಮಾವ."

"ಹೀಗೆ ಎಷ್ಟು ಹೋದವು?"

"ಎಲ್ಲಾನೂ."

ಕತ್ತಲೆ ಅಂದರೇನು ಎಂದು ಈಗ ಮಾವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೈಕಾಲು ತೊಳೆದು, ನನ್ನಿಂದ ಕಾಯಿ ತರಿಸಿ ಒಡೆದರು. ಪೆಟ್ಟಿಗೆಯಿಂದ ತಮ್ಮ ಉಳಿ ತೆಗೆದು ತುಳಜಕ್ಕನ ಮುಂದೆ ಹಿಡಿದರು.

ಅವಳು ಹಿಂದೆ ಸರಿದಳು. "ನಾನಾ? ಸೊಸೆ ಮುಟ್ಟೋದುಂಟಾ ಮಾವ?"

"ನನ್ನ ಕಣ್ಣು ತೆರೆಸಿದ್ದು ಸೊಸೆ ಅಲ್ವೇನೆ? ಅವನದ್ದೂ ನೀನೇ ತೆರಿ. ಇವತ್ತಿಂದ ಈ ಉಳಿ ನಿಂದು. ಇನ್ನು ಕೊಂಡೋರು ಹಾಸಿಗೆ ಪಕ್ಕಾನೇ ಇಟ್ಕೊಳ್ಳಲಿ, ಅವರನ್ನ ಕಾಯ್ತಾನೆ."

ದೀಪ ಆರಿಸಿ ತೊಗಲಿನ ಹಿಂದೆ ಮರದ ತುಂಡು ಕೊಟ್ಟು ಮಾವ ಬಿಗಿಯಾಗಿ ಹಿಡಿದರು. ಅವಳು ಕಣ್ಣಿನ ಜಾಗಕ್ಕೆ ಉಳಿ ಇಟ್ಟಳು. ಎರಡೇ ಏಟು. ಮತ್ತೆ ದೀಪ ಹಾಕಿದಾಗ ಹನುಮನ ಮುಖದಲ್ಲಿ ಅಕ್ಕಿಕಾಳಿನಷ್ಟು ಬೆಳಕಿತ್ತು.

ಮಾವ ಕೈ ಮುಗಿದರು. ಹನುಮನಿಗೆ ಎಂದುಕೊಂಡು ನಾನೂ ಗೋಡೆಗೆ ಮುಗಿದೆ. ನೋಡಿದರೆ ಅವರು ತಿರುಗಿ ನಿಂತಿದ್ದು ತುಳಜಕ್ಕನ ಕಡೆಗೆ.