ಕ್ರಾಸಿನವರು ಇಬ್ಬರು

ನಾ ಅಕ್ಕಿ ಗಿರಣಿ ಮಷೀನು ರಿಪೇರಿ ಮಾಡಾಂವ. ಮಷೀನಿನ ಜೋಡಿ ಮಾತಾಡೋದಿರಂಗಿಲ್ಲ ಅಂತನ ಈ ಕೆಲಸ ಹಿಡದೀನಿ. ಆದ್ರ ಗಿರಣಿತನಕ ಬಸ್ಸಿನಾಗ ಹೋಗಬೇಕಲ್ಲ, ಅದ ನನ್ನ ಕರ್ಮ.

ಅವತ್ತು ರಾಯಚೂರಿನಾಗ ಮಾನ್ವಿ ಬಸ್ಸು ಹತ್ತಿದೆ. ನಡುವ ಒಂದು ಕ್ರಾಸಿನಾಗ ಇಳೀಬೇಕಿತ್ತು. ಬಾಜೂಕ ಕುಂತ ಹಿರಿಯರು ತಮ್ಮದೂ ಅದೇ ಕ್ರಾಸು ಅಂದವರು, ಹತ್ತಿ ಧಾರಣಿ, ಬಿಸಿಲು, ಮೊಮ್ಮಕ್ಕಳು ಅಂತ ಬಾಯಿ ಮುಚ್ಚಲೇ ಇಲ್ಲ. ನಾ ಬರೇ ಹೂಂ ಅಂದೆ. ಇಂಥವರು ಜೋಡಿಗಿದ್ರ ಬಸ್ ನಿಲ್ಲಸ್ರಿ ಅಂತ ನಾ ಒದರೋದು ಬ್ಯಾಡ ಅಂತ ಸಮಾಧಾನ ಆತು.

"ಕ್ರಾಸಿನವರು ಯಾರರ ಅದೀರೇನ್ರೀ?" ಕಂಡಕ್ಟರ್ ಕೂಗಿದ. ಹಿರಿಯರು ಗಪ್ ಆದ್ರು. ನಾ ಅವರ ಮಾರಿನ ನೋಡ್ಕೋತ ಕುಂತೆ. ಬಸ್ಸು ನಿಲ್ಲಲಿಲ್ಲ.

ಮಾನ್ವಿ ಸ್ಟ್ಯಾಂಡಿನಾಗ ಇಳಿದು ಕೇಳಿದೆ, "ಇಷ್ಟೊತ್ತು ಮಾತಾಡಿ, ಅಲ್ಲಿ ಯಾಕ ಸುಮ್ನಾದ್ರಿ ಯಪ್ಪಾ?"

"ಸುಮ್ನ ಕುಂತ್ರ ಯಾತಕ್ಕ ಹೊಂಟೀರಿ ಅಂತ ನೀ ಕೇಳ್ತಿ ಅಂತ ಮಾತಾಡಿದೆ ತಮ್ಮಾ. ನಮ್ಮಕ್ಕ ತೀರಿಕೊಂಡಾಳ, ಇವತ್ತು ಮಣ್ಣು ಅದ. ಅಷ್ಟು ಮಂದಿ ನನ್ನ ಮಾರಿನ ನೋಡ್ತಾರ. ಅಳು ಬರಲಿಲ್ಲಂದ್ರ?"

ವಾಪಸ್ ಬಸ್ಸಿನಾಗ ಜೋಡಿಲೇ ಕುಂತ್ವಿ. "ಈ ಸಲ ನೀ ಹೇಳು," ಅಂದ್ರು. ಹೂಂ ಅಂದೆ. ಕ್ರಾಸು ಬಂತು. ಹಿರಿಯರು ನನ್ನ ಮಾರಿ ನೋಡಿದ್ರು. ಬಸ್ಸಿನ ತುಂಬ ಮಂದಿ ಇದ್ರು, ನನ್ನ ಬಾಯಿ ತೆರೀಲಿಲ್ಲ. ಕ್ರಾಸು ಹಿಂದ ಹೋತು.

ರಾಯಚೂರು ಹತ್ತಿರ ಬಂದಾಗ ಹಿರಿಯರು ಮತ್ತ ಹತ್ತಿ ಧಾರಣಿ ಸುರು ಮಾಡಿದ್ರು. ಮಾತು ನಡದಿತ್ತು, ಕಣ್ಣಾಗಿನ ನೀರೂ ಇಳಿಯಾಕತ್ತಿತ್ತು. ನಾ ಕಿಟಕಿ ಕಡಿ ಮಾರಿ ತಿರುವಿ ಹೂಂ ಹೂಂ ಅಂದೆ. ನನ್ನ ಕೈಲೆ ಆಗೋ ಉಪಕಾರ ಅಷ್ಟ ನೋಡ್ರಿ.