ಬಿಳಿಚೋಡಿನಿಂದ ಬಂದ ಕಾರ್ಡು

ಮೊನ್ನೆ ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟಿದ್ದ ಪೇಪರಿನ ಚೂರನ್ನು ಎಸೆಯುವ ಮುನ್ನ ಓದಿದೆ. ಇದು ನನ್ನ ಹಳೆಯ ಚಟ. ಎಣ್ಣೆ ಕುಡಿದ ಸುದ್ದಿಗೆ ಬೇರೆಯೇ ರುಚಿ ಇರುತ್ತದೆ. ‘ಕಾಣೆಯಾಗಿದ್ದಾಳೆ’ ಎಂಬ ಪ್ರಕಟಣೆ. ವಯಸ್ಸು ಹದಿನಾರು, ಕೋಲು ಮುಖ, ಗೋಧಿ ಮೈಬಣ್ಣ, ಮನೆ ಬಿಟ್ಟಾಗ ಹಸಿರು ಚೂಡಿದಾರ ಧರಿಸಿದ್ದಳು. ಏಕೆ ಹೋದಳು ಎಂಬುದೊಂದನ್ನು ಬಿಟ್ಟು ಎಲ್ಲವೂ ಅದರಲ್ಲಿತ್ತು. ಹಾಗೆಂದು ಆ ಮನೆಯವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ನಮ್ಮ ಮನೆಯಲ್ಲೂ ಹದಿನಾರರ ಹುಡುಗಿಯೊಬ್ಬಳು ಹೋಗಿದ್ದಳು. ಅವಳು ಉಟ್ಟಿದ್ದ ಲಂಗದ ಬಣ್ಣವೂ ನಮಗೆ ನೆನಪಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಸವಳಂಗದವಳಾದ ನನ್ನನ್ನು ಹೈಸ್ಕೂಲು ಓದಲೆಂದು ಹೊನ್ನಾಳಿಯ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪನದು ಜವಳಿ ಅಂಗಡಿ, ಮನೆಯಿಂದ ನಾಲ್ಕು ಹೆಜ್ಜೆ. ಮನೆಯಲ್ಲಿ ದೊಡ್ಡವ್ವ, ಎಸ್ಸೆಸ್ಸೆಲ್ಸಿ ಮುಗಿಸಿ ಕೂತಿದ್ದ ಅವರ ಒಬ್ಬಳೇ ಮಗಳು ಗಿರಿಜಕ್ಕ, ಮತ್ತು ನಾನು. ಜಗಳವೆಂಬುದೇ ಇಲ್ಲದ ಮನೆ. ಇರುವುದಾದರೂ ಹೇಗೆ? ಗಂಡ ಹೆಂಡತಿ ಮಾತು ಬಿಟ್ಟು ಆರು ವರ್ಷವಾಗಿತ್ತು. ಚನ್ನಗಿರಿಯ ಮದುವೆಯೊಂದರಲ್ಲಿ ದೊಡ್ಡವ್ವನ ಅಣ್ಣನನ್ನು ಮೊದಲ ಪಂಕ್ತಿಗೆ ಕೈಹಿಡಿದು ಕರೆಯುವುದನ್ನು ದೊಡ್ಡಪ್ಪ ಮರೆತಿದ್ದರು. ಆ ಅಣ್ಣ ಎರಡನೇ ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡು ಆವತ್ತೇ ಮರೆತ. ಇವರು ಮರೆಯಲಿಲ್ಲ.

ಹಾಗಂತ ಸಂಸಾರ ನಿಂತಿರಲಿಲ್ಲ. ಗಿರಿಜಕ್ಕ ಇದ್ದಳಲ್ಲ. “ನಿಮ್ಮಪ್ಪಂಗೆ ಹೇಳು, ಊಟಕ್ಕೆ ಆಗೈತೆ ಅಂತ.” “ನಿಮ್ಮವ್ವಂಗೆ ಹೇಳು, ಹಿಟ್ಟು ಬೀಸ್ಕೊಂಡು ಬರಾಕೆ ಆಳು ಕಳಿಸ್ತೀನಿ ಅಂತ.” ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಅವಳಿಗೆ ಹೇಳುತ್ತಿದ್ದರು. ಒಬ್ಬರು ಸಿಟ್ಟಿನಿಂದ ಹೇಳಿದ್ದನ್ನು ಇನ್ನೊಬ್ಬರಿಗೆ ಮೆತ್ತಗೆ ಮಾಡಿ ದಾಟಿಸುವುದನ್ನು ಅವಳು ಹತ್ತು ವರ್ಷಕ್ಕೇ ಕಲಿತಿದ್ದಳಂತೆ. “ಎಷ್ಟು ಹೊಂದಿಕೊಂಡು ಹೋಗುವ ಹುಡುಗಿ” ಎಂದು ಬೀದಿಯೆಲ್ಲ ಹೊಗಳುತ್ತಿತ್ತು.

ಒಂದು ಭಾನುವಾರ ದೊಡ್ಡಪ್ಪನಿಗೆ ಊಟದ ಕರೆ ಬರಲಿಲ್ಲ. ಮೂರು ಗಂಟೆಯವರೆಗೆ ಅಂಗಡಿಯಲ್ಲಿ ಹಸಿದು ಕೂತರು. ಮನೆಯಲ್ಲಿ ದೊಡ್ಡವ್ವ, ಗಿರಿಜಾ ಅಂಗಡಿಗೆ ಹೋಗಿದ್ದಾಳೆ ಎಂದುಕೊಂಡು ಅನ್ನ ಮುಚ್ಚಿಟ್ಟು ಕೂತಿದ್ದರು. ಕೊನೆಗೆ ಹೊಟ್ಟೆ ತಡೆಯದೆ ದೊಡ್ಡಪ್ಪ ಮನೆಗೆ ಬಂದಾಗಲೇ ಹುಡುಗಿ ಇಲ್ಲವೆಂದು ತಿಳಿದದ್ದು. ಹಗ್ಗದ ಮೇಲಿದ್ದ ಅವಳ ಎರಡು ಜೊತೆ ಬಟ್ಟೆಯೂ ಇರಲಿಲ್ಲ. ಆಗ ದೊಡ್ಡವ್ವ ಆರು ವರ್ಷದ ಮೇಲೆ ಗಂಡನ ಮುಖ ನೋಡಿ ಕೇಳಿದರು:

“ಎಲ್ಲಿಗ್ರೀ ಹೋತು ಅದು?”

“ನನ್ನ ಕೇಳ್ತೀಯಲ್ಲ, ಮನ್ಯಾಗಿದ್ದೋಳು ನೀನು!”

ನಾನು ಬಾಗಿಲ ಹಿಂದೆ ನಿಂತು ಕಣ್ಣರಳಿಸಿದೆ. ಅಕ್ಕ ಹೋದ ದುಃಖಕ್ಕಿಂತ ಇವರಿಬ್ಬರ ದನಿ ಒಂದಕ್ಕೊಂದು ತಾಗಿದ್ದೇ ನನಗೆ ದೊಡ್ಡ ಸುದ್ದಿ.

ಹದಿನಾರರ ಹುಡುಗಿ ಹೋದಳೆಂದರೆ ಜೊತೆಗೊಬ್ಬ ಹುಡುಗ ಇರಲೇಬೇಕಲ್ಲ. ದೊಡ್ಡಪ್ಪ ಮಗಳನ್ನು ಹುಡುಕಲಿಲ್ಲ, ಹುಡುಗನನ್ನು ಹುಡುಕಿದರು. ಹೊಸ ಪ್ಯಾಂಟು ಬಟ್ಟೆ ಬಂದಿದೆ ಎಂದು ಹೇಳಿಕಳಿಸಿ ಬೀದಿಯ ಪಡ್ಡೆಗಳನ್ನೆಲ್ಲ ಒಬ್ಬೊಬ್ಬರಾಗಿ ಅಂಗಡಿಗೆ ಕರೆಸಿದರು. ಎಲ್ಲರೂ ಬಂದರು. ಇಬ್ಬರು ಬಟ್ಟೆಯನ್ನೂ ಕೊಂಡರು. ದೊಡ್ಡಪ್ಪನ ಮುಖ ಇನ್ನಷ್ಟು ಇಳಿಯಿತು. ಅವಳ ಪಕ್ಕದಲ್ಲೇ ಮಲಗುತ್ತಿದ್ದ ನನ್ನನ್ನೂ ಕೂರಿಸಿಕೊಂಡು ಕೇಳಿದರು. ಒಬ್ಬ ಹುಡುಗನ ಹೆಸರೂ ನೆನಪಾಗದ್ದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಯಿತು.

ಬೀದಿಗೆ ಏನಾದರೂ ಹೇಳಬೇಕಿತ್ತು. ಗಂಡ ಹೆಂಡತಿ ಅಡುಗೆಮನೆಯಲ್ಲಿ ತಲೆಗೆ ತಲೆ ಕೊಟ್ಟು ಪಿಸುಗುಟ್ಟಿ ಒಂದು ಸುಳ್ಳು ಕಟ್ಟಿದರು: ಗಿರಿಜಾ ಬಿಳಿಚೋಡಿನ ಗಂಗತ್ತೆಯ ಮನೆಗೆ ಹೋಗಿದ್ದಾಳೆ. ಗಂಗತ್ತೆ ದೊಡ್ಡಪ್ಪನ ತಂಗಿ; ಗಂಡ ತೀರಿಕೊಂಡ ಮೇಲೆ ಹೊಲ, ಕುರಿ ನೋಡಿಕೊಂಡು ಒಬ್ಬಳೇ ಇದ್ದವಳು. ಸುಳ್ಳು ಗಟ್ಟಿಯಾಗಿರಲಿ ಎಂದು ದೊಡ್ಡಪ್ಪ ಅವಳಿಗೆ ಕಾಗದವನ್ನೂ ಬರೆದರು. ‘ಯಾರು ಕೇಳಿದರೂ ಗಿರಿಜಾ ನಿನ್ನಲ್ಲೇ ಇದ್ದಾಳೆಂದು ಹೇಳು. ಮರ್ಯಾದೆಯ ಪ್ರಶ್ನೆ.’

ಆರನೇ ದಿನ ಉತ್ತರವಾಗಿ ಒಂದು ಕಾರ್ಡು ಬಂತು. ‘ಗಿರಿಜಾ ನಮ್ಮಲ್ಲೇ ಇದ್ದಾಳೆ. ಎರಡು ಹೊತ್ತು ರೊಟ್ಟಿ ತಿನ್ನುತ್ತಾಳೆ. ಕುರಿಮರಿ ಜೊತೆ ಆಡುತ್ತಾಳೆ. ಯೋಚನೆ ಬೇಡ.’

ದೊಡ್ಡಪ್ಪನ ಕಣ್ಣಲ್ಲಿ ನೀರಾಡಿತು. “ನೋಡೇ, ಹೆಂಗೆ ಬರೆದಾಳೆ! ಕುರಿಮರಿ ಅಂತ ಬ್ಯಾರೆ ಹಾಕ್ಯಾಳೆ. ಓದಿದ್ರೆ ನಂಗೇ ಖರೇ ಅನ್ನಿಸ್ತೈತೆ.”

“ಒಡಹುಟ್ಟಿದೋಳು ಅಂದ್ರೆ ಹಂಗಿರ್ಬೇಕ್ರೀ” ಎಂದು ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾರ್ಡನ್ನು ಬಂದವರಿಗೆಲ್ಲ ತೋರಿಸಿದರು. ಬಿಳಿಚೋಡಿಗೆ ಮಾತ್ರ ಯಾರೂ ಹೋಗಲಿಲ್ಲ. ತಾವೇ ಕಟ್ಟಿದ ಸುಳ್ಳಿನೊಳಗೆ ಮಗಳನ್ನು ಹುಡುಕಲು ಯಾರು ಹೋಗುತ್ತಾರೆ ಹೇಳಿ.

ಒಂಬತ್ತನೇ ದಿನ ಗಂಗತ್ತೆಯೇ ಗಿರಿಜಕ್ಕನನ್ನು ಕರೆದುಕೊಂಡು ಬಸ್ಸಿಳಿದಳು.

“ಕಾರ್ಡು ಮುಟ್ಟಲಿಲ್ಲೇನಣ್ಣ?”

“ಮುಟ್ಟಿತಲ್ಲ.”

“ಮತ್ತೆ ಬರಬಾರದೇನು? ನೀವ್ಯಾರಾದ್ರೂ ಬರ್ತೀರೇನೋ ಅಂತ ದಿನಾ ಬಸ್ ನೋಡ್ತಿತ್ತು ಹುಡುಗಿ.”

ಸಂಜೆಯ ಹೊತ್ತಿಗೆ ಮನೆ ಮೊದಲಿನಂತಾಯಿತು. ದೊಡ್ಡವ್ವ ಬಚ್ಚಲಿನಿಂದ ಕೂಗಿದರು: “ಗಿರಿಜಾ, ನಿಮ್ಮಪ್ಪಂಗೆ ಹೇಳು, ನೀರು ಕಾದೈತೆ ಅಂತ.”

“ನೀನೇ ಹೇಳವ್ವ” ಅಂದಳು ಅಕ್ಕ, ತಲೆ ಎತ್ತದೆ.

ದೊಡ್ಡವ್ವ ನನ್ನ ಕಡೆ ತಿರುಗಿದರು. ನಾನು ಒಂದೇ ಉಸಿರಿಗೆ ಅಂಗಡಿಗೆ ಓಡಿದೆ. ಆ ಕೆಲಸವನ್ನು ಮೂರು ವರ್ಷ ಮಾಡಿದೆ. ನನಗದು ಬಡ್ತಿ ಸಿಕ್ಕಂತೆ ಅನ್ನಿಸಿತ್ತು.

ಗಿರಿಜಕ್ಕ ಏಕೆ ಹೋದಳೆಂಬುದಕ್ಕೆ ಬಂಧುಗಳ ಬಳಿ ಕಾರಣಗಳಿಗೇನೂ ಬರವಿರಲಿಲ್ಲ. ರೇಡಿಯೊ ಅಂದರು, ವಾರಪತ್ರಿಕೆಯ ಧಾರಾವಾಹಿ ಅಂದರು, ಎರಡು ಜಡೆ ಹಾಕಲು ಬಿಟ್ಟದ್ದೇ ತಪ್ಪು ಅಂದರು. ನಾನೂ ಬೆಳೆದ ಮೇಲೆ ‘ಹದಿಹರೆಯದ ಮನಸ್ಸು’ ಎಂದೆಲ್ಲ ನಾಲ್ಕು ಜನರ ಮುಂದೆ ವಿವರಿಸಿದ್ದುಂಟು. ಮೊನ್ನೆ ಬಜ್ಜಿ ತಿಂದ ಕೈ ತೊಳೆದು, ಜಗಳೂರಿನಲ್ಲಿರುವ ಅವಳಿಗೇ ಫೋನು ಮಾಡಿ ಕೇಳಿದೆ.

ಅವಳು ನಕ್ಕಳು. “ಇಷ್ಟು ವರ್ಷಕ್ಕೆ ನೀನೇ ಮೊದಲು ಕೇಳಿದೋಳು. ಓಡಿಹೋಗಿದ್ದೆ ಅಂತ ಯಾರೇ ಹೇಳಿದ್ದು? ಹೇಳೇ ಹೋಗಿದ್ದೆ. ಅವ್ವಂಗೆ ಹೇಳಿದೆ, ಅತ್ತೆ ಮನಿಗೆ ಹೋಗಿ ಬರ್ತೀನಿ ಅಂತ. ‘ನಿಮ್ಮಪ್ಪಂಗೆ ಹೇಳು’ ಅಂದ್ಲು. ಅಪ್ಪಂಗೆ ಹೇಳಿದೆ. ‘ನಿಮ್ಮವ್ವಂಗೆ ಹೇಳು’ ಅಂದ. ನಾ ಹೇಳಿದ್ದೆಲ್ಲ ಅವರಿಗೆ ಇನ್ನೊಬ್ಬರ ಮಾತೇ. ನನ್ನ ಮಾತು ಅಂತ ಒಂದೈತೆ ಅನ್ನೋದೇ ಇಬ್ಬರಿಗೂ ಹೊಳೀಲಿಲ್ಲ.”

ಅಂದರೆ ಆ ಒಂಬತ್ತು ದಿನವೂ ಇಬ್ಬರ ಕಿವಿಯಲ್ಲೂ ಆ ಮಾತು ಇತ್ತು.

ಅವಳೇ ಮುಂದುವರಿಸಿದಳು. “ನಂಗೆ ಕೆಡುಕು ಅನ್ಸೋದು ಅದಕ್ಕಲ್ಲ. ನಾ ಒಲ್ಲೆ ಅಂದಿದ್ದು ನಿನ್ನ ತಲೆ ಮೇಲೆ ಬಿತ್ತಲ್ಲ. ಒಂದು ದಿನಾನೂ ನಿನ್ನ ಕೇಳಲಿಲ್ಲ ನಾನು. ಆ ಮೂರು ವರ್ಷದಾಗೆ ನಿಂಗೂ ಎಲ್ಲಿಗಾದ್ರೂ ಹೋಗಿಬಿಡ್ಬೇಕು ಅನ್ನಿಸಿರ್ಲಿಲ್ಲೇನೇ?”

ಇಲ್ಲಪ್ಪ ಎಂದು ನಗಾಡಲು ಬಾಯಿ ತೆರೆದೆ.

“ಅನ್ನಿಸಿತ್ತಕ್ಕ” ಅಂದೆ. “ದಿನಾ.”